ಹಿಮದ ರಸ್ತೆಯಲ್ಲಿ ಹಿಂಚಕ್ರ ಚಾಲನೆಯ ಕಾರು: ಚಳಿಗಾಲಕ್ಕೊಂದು ಸಮಗ್ರ ಮಾರ್ಗದರ್ಶಿ

ಊರಿನಲ್ಲಿ ಅಂಬಾಸಿಡರ್, ಓಮ್ನಿ ಅಥವಾ ಜೀಪಿನಲ್ಲಿ ಚಾಲನೆ ಕಲಿತವರೆಲ್ಲ ತಮಗೆ ತಿಳಿಯದೆಯೇ ಹಿಂಚಕ್ರ ಚಾಲನೆಯ ವಾಹನ ಓಡಿಸಿದವರು. ಎಂಜಿನ್ನಿನ ಬಲವೆಲ್ಲ ಹಿಂದಿನ ಎರಡು ಚಕ್ರಗಳಿಗೆ ಹೋಗುತ್ತದೆ, ಮುಂದಿನ ಚಕ್ರಗಳು ದಿಕ್ಕು ಬದಲಿಸುವ ಕೆಲಸವನ್ನಷ್ಟೇ ನೋಡಿಕೊಳ್ಳುತ್ತವೆ. ಒಣ ಡಾಂಬರಿನ ಮೇಲೆ ಈ ವ್ಯವಸ್ಥೆಯ ಗುಣವಾಗಲಿ ದೋಷವಾಗಲಿ ಯಾರ ಗಮನಕ್ಕೂ ಬರುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕಾಫಿ ತೋಟದ ಕೆಂಪು ಮಣ್ಣಿನ ಏರು ಹತ್ತುವಾಗ ಜೀಪಿನ ಹಿಂಭಾಗ ಮೆಲ್ಲನೆ ಪಕ್ಕಕ್ಕೆ ಸರಿದುದನ್ನು ಕಂಡವರಿಗೆ ಮಾತ್ರ ಅದರ ಅರಿವಿರುತ್ತದೆ. ಹಿಮದ ಮೇಲೆ ಆಗುವುದೂ ಅದೇ, ಆದರೆ ಇನ್ನೂ ಕಡಿಮೆ ವೇಗದಲ್ಲಿ ಮತ್ತು ಇನ್ನೂ ಕಡಿಮೆ ಮುನ್ಸೂಚನೆಯೊಂದಿಗೆ ಆಗುತ್ತದೆ.

ಕೆನಡಾದ ಒಂಟಾರಿಯೊಗೆ ಬಂದು ನೆಲೆಸುವ ನಮ್ಮವರಲ್ಲಿ ಕೆಲವರು ಮೊದಲ ವರ್ಷವೇ ಇಂತಹ ಕಾರೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳುತ್ತಾರೆ. ನಾಲ್ಕು ಚಕ್ರ ಚಾಲನೆಯಿಲ್ಲದ ಬಿಎಂಡಬ್ಲ್ಯು 3 ಸೀರೀಸ್, ಫೋರ್ಡ್ ಮಸ್ಟಾಂಗ್, ಡಾಡ್ಜ್ ಚಾರ್ಜರ್‌ಗಳು ಸಾಮಾನ್ಯವಾಗಿ ಕಂಡುಬರುವ ಉದಾಹರಣೆಗಳು. ಈಚೆಗೆ ಟೆಸ್ಲಾ ಮಾಡೆಲ್ 3 ಮತ್ತು ಹ್ಯುಂಡೈ ಅಯಾನಿಕ್ 5 ಎಂಬ ವಿದ್ಯುತ್ ಕಾರುಗಳ ಒಂದೇ ಮೋಟಾರಿನ ಮೂಲ ಮಾದರಿಗಳೂ ಇದೇ ಗುಂಪಿಗೆ ಸೇರಿವೆ. ಮೊದಲ ಹಿಮ ಬಿದ್ದ ದಿನ ಪರಿಚಿತರೆಲ್ಲ "ಇದನ್ನು ಮಾರಿಬಿಡಿ" ಎನ್ನುತ್ತಾರೆ. ನಾನು ಟೊರಾಂಟೊದ ಹೊರವಲಯದಲ್ಲಿ ಏಳು ಚಳಿಗಾಲಗಳನ್ನು ಹಿಂಚಕ್ರ ಚಾಲನೆಯ ಕಾರಿನಲ್ಲಿಯೇ ಕಳೆದಿದ್ದೇನೆ. ಮಾರುವ ಅಗತ್ಯವಿಲ್ಲ, ಆದರೆ ಸಿದ್ಧತೆಯಿಲ್ಲದೆ ರಸ್ತೆಗಿಳಿಯಲೂ ಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಿಂಭಾಗ ಏಕೆ ಜಾರುತ್ತದೆ

ಟೈರು ರಸ್ತೆಯನ್ನು ಹಿಡಿದುಕೊಳ್ಳುವ ಶಕ್ತಿಗೆ ಒಂದು ಮಿತಿಯಿದೆ. ಆ ಮಿತಿಯೊಳಗೇ ಅದು ಕಾರನ್ನು ಮುಂದಕ್ಕೆ ತಳ್ಳಬೇಕು, ಬೇಕಾದಾಗ ನಿಲ್ಲಿಸಬೇಕು, ತಿರುವಿನಲ್ಲಿ ಪಕ್ಕಕ್ಕೆ ಹೋಗದಂತೆ ತಡೆಯಬೇಕು. ಒಣ ಡಾಂಬರಿನ ಮೇಲೆ ಈ ಹಿಡಿತದ ಅಳತೆಯಾದ ಘರ್ಷಣಾಂಕ ಸುಮಾರು 0.7 ಇದ್ದರೆ, ವಾಹನಗಳು ತುಳಿದು ಗಟ್ಟಿಯಾದ ಹಿಮದ ಮೇಲೆ ಅದು 0.2ರ ಆಸುಪಾಸಿಗೆ, ಮಂಜುಗಡ್ಡೆಯ ಮೇಲೆ 0.1ಕ್ಕೆ ಇಳಿಯುತ್ತದೆ. ಇದರ ಅರ್ಥವನ್ನು ಲೆಕ್ಕದಲ್ಲಿ ನೋಡುವುದು ಒಳ್ಳೆಯದು. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರು ಪೂರ್ತಿ ಬ್ರೇಕ್ ಒತ್ತಿದ ಮೇಲೆ ಒಣ ರಸ್ತೆಯಲ್ಲಿ ಸುಮಾರು 14 ಮೀಟರಿನಲ್ಲಿ ನಿಂತರೆ, ಗಟ್ಟಿ ಹಿಮದಲ್ಲಿ ಸುಮಾರು 49 ಮೀಟರ್, ಮಂಜುಗಡ್ಡೆಯಲ್ಲಿ ಸುಮಾರು 98 ಮೀಟರ್ ಬೇಕಾಗುತ್ತದೆ. ಚಾಲಕ ಅಪಾಯವನ್ನು ಗುರುತಿಸಿ ಬ್ರೇಕಿನ ಮೇಲೆ ಕಾಲಿಡಲು ತೆಗೆದುಕೊಳ್ಳುವ ಪ್ರತಿ ಸೆಕೆಂಡಿಗೆ ಇನ್ನೂ 14 ಮೀಟರನ್ನು ಇದಕ್ಕೆ ಸೇರಿಸಿಕೊಳ್ಳಬೇಕು. ವೇಗವನ್ನು ಅರ್ಧಕ್ಕಿಳಿಸಿದರೆ ನಿಲ್ಲುವ ದೂರ ಕಾಲು ಭಾಗಕ್ಕಿಳಿಯುತ್ತದೆ. ಹಿಮದಲ್ಲಿ ನಿಧಾನವಾಗಿ ಹೋಗುವುದರ ಲಾಭ ಇಷ್ಟು ದೊಡ್ಡದು.

ಮುಂಚಕ್ರ ಚಾಲನೆಯ ಕಾರಿನಲ್ಲಿ ಎಂಜಿನ್ನಿನ ಭಾರ ಬಲ ಪಡೆಯುವ ಚಕ್ರಗಳ ಮೇಲೆಯೇ ಕೂತಿರುತ್ತದೆ. ಅದು ಹಿಡಿತ ಕಳೆದುಕೊಂಡಾಗ ಸಾಮಾನ್ಯವಾಗಿ ಸ್ಟೀರಿಂಗ್ ತಿರುಗಿಸಿದರೂ ನೇರಕ್ಕೆ ಹೋಗುತ್ತದೆ. ಹಿಂಚಕ್ರ ಚಾಲನೆಯ ಕಾರಿನಲ್ಲಿ ಎಂಜಿನ್ ಮುಂದೆ, ಬಲ ಪಡೆಯುವ ಚಕ್ರ ಹಿಂದೆ. ಆ ಚಕ್ರ ಒಮ್ಮೆ ನಿಂತಲ್ಲೇ ಗಿರ್ರನೆ ಸುತ್ತಲು ತೊಡಗಿದರೆ ಅದಕ್ಕೆ ಮುಂದಕ್ಕೆ ತಳ್ಳುವ ಶಕ್ತಿಯ ಜೊತೆಗೆ ಪಕ್ಕದ ಹಿಡಿತವೂ ಹೋಗುತ್ತದೆ, ಆಗ ಕಾರಿನ ಹಿಂಭಾಗ ಬಾಗಿಲು ತೆರೆದಂತೆ ಪಕ್ಕಕ್ಕೆ ತೂಗಿ ಬರುತ್ತದೆ. ತಿರುವಿನಲ್ಲಿ ಆಕ್ಸಿಲರೇಟರನ್ನು ಹೆಚ್ಚು ಒತ್ತಿದರೆ ಹೀಗಾಗುತ್ತದೆ ಎಂಬುದು ಬಹಳ ಜನರಿಗೆ ಗೊತ್ತು. ಒತ್ತಿದ್ದ ಆಕ್ಸಿಲರೇಟರನ್ನು ತಟಕ್ಕನೆ ಬಿಟ್ಟರೂ, ಮೇಲಿನ ಗೇರಿನಿಂದ ಒಮ್ಮೆಲೇ ಕೆಳಗಿನ ಗೇರಿಗೆ ಇಳಿಸಿದರೂ ಇದೇ ಆಗುತ್ತದೆ ಎಂಬುದು ಅಷ್ಟು ಜನರಿಗೆ ಗೊತ್ತಿಲ್ಲ, ಏಕೆಂದರೆ ಎಂಜಿನ್ನಿನ ತಡೆ ಹಿಂದಿನ ಚಕ್ರಗಳ ಮೇಲೆ ಮಾತ್ರ ಬೀಳುತ್ತದೆ.

ಮುಂದಿನ ಟೈರುಗಳ ಹಿಡಿತವೆಲ್ಲ ದಿಕ್ಕು ಬದಲಿಸುವುದಕ್ಕೆ ಮೀಸಲಾಗಿರುವುದು ಈ ಕಾರಿನ ದೊಡ್ಡ ಅನುಕೂಲ. ಜಾರಿದ ಮೇಲೂ ಚಾಲಕನ ಕೈಯಲ್ಲಿ ಸರಿಪಡಿಸುವ ಉಪಾಯ ಉಳಿದಿರುತ್ತದೆ. ಮುಂದೆ ಹೇಳುವ ಹಂತಗಳೆಲ್ಲ ನಿಂತಿರುವುದು ಒಂದೇ ಮಾತಿನ ಮೇಲೆ: ಹಿಂದಿನ ಟೈರಿಗೆ ಒಂದು ಹೊತ್ತಿಗೆ ಒಂದೇ ಕೆಲಸ ಕೊಡಿ, ಅದನ್ನೂ ಮೆಲ್ಲನೆ ಕೊಡಿ. ತುಂಬಿದ ಕೊಡವನ್ನು ಪಕ್ಕದ ಸೀಟಿನ ಮೇಲೆ ಇಟ್ಟುಕೊಂಡು ಒಂದು ಹನಿಯೂ ತುಳುಕದಂತೆ ಮನೆ ಸೇರಬೇಕೆಂದರೆ ಹೇಗೆ ಓಡಿಸುತ್ತೀರೋ ಹಾಗೆ ಓಡಿಸಿ.

ಹಂತ 1: ನಾಲ್ಕೂ ಚಕ್ರಗಳಿಗೆ ಚಳಿಗಾಲದ ಟೈರು

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತವನ್ನು ಪಾಲಿಸುವಷ್ಟು ಹಣ ಮತ್ತು ಸಮಯ ನಿಮ್ಮಲ್ಲಿದ್ದರೆ ಅದು ಇದೇ ಆಗಿರಲಿ. ಬೇಸಿಗೆಯ ಟೈರಿನ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತ ಹೋಗುತ್ತದೆ. ಶೂನ್ಯಕ್ಕಿಂತ ಬಹಳ ಕೆಳಗಿನ ಚಳಿಯಲ್ಲಿ ಓಡಿಸಿದರೆ ಅದು ಬಿರುಕು ಬಿಡಲೂಬಹುದು. ಚಳಿಗಾಲದ ಟೈರಿನ ರಬ್ಬರ್ ಅದೇ ಚಳಿಯಲ್ಲಿ ಮೆದುವಾಗಿ ಉಳಿಯುತ್ತದೆ, ಮತ್ತು ಅದರ ಮೈಮೇಲಿನ ನೂರಾರು ಸಣ್ಣ ಸೀಳುಗಳು ಹಿಮವನ್ನು ಕಚ್ಚಿಕೊಳ್ಳುತ್ತವೆ. ಕೊಳ್ಳುವಾಗ ಟೈರಿನ ಪಕ್ಕದ ಗೋಡೆಯ ಮೇಲೆ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳು ಇರುವ ಚಿಹ್ನೆಯನ್ನು ಹುಡುಕಿ. ಹಿಮದ ಮೇಲೆ ಪರೀಕ್ಷೆಗೊಳಪಟ್ಟು ನಿಗದಿತ ಮಟ್ಟ ಮುಟ್ಟಿದ ಟೈರಿಗೆ ಮಾತ್ರ ಆ ಚಿಹ್ನೆ ಇರುತ್ತದೆ. ಕೆಸರು ಮತ್ತು ಹಿಮ ಎಂಬರ್ಥದ "ಎಂ ಪ್ಲಸ್ ಎಸ್" ಅಕ್ಷರಗಳು ಮಾತ್ರ ಇದ್ದರೆ ಅವು ಮೇಲ್ಮೈ ವಿನ್ಯಾಸವನ್ನು ಸೂಚಿಸುತ್ತವೆಯೇ ಹೊರತು ಅಂತಹ ಪರೀಕ್ಷೆಯನ್ನಲ್ಲ. ಜರ್ಮನಿಯಲ್ಲಿರುವ ಓದುಗರು ಇದನ್ನು ಕಾನೂನಾಗಿಯೇ ನೆನಪಿಡಬೇಕು: 2024ರ ಅಕ್ಟೋಬರ್ 1ರಿಂದ ಅಲ್ಲಿ ಹಿಮದ ರಸ್ತೆಗೆ ಈ ಬೆಟ್ಟದ ಚಿಹ್ನೆಯ ಟೈರು ಮಾತ್ರ ಸಲ್ಲುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ಒಂಟಾರಿಯೊದಲ್ಲಿ ಕಡ್ಡಾಯವಿಲ್ಲ, ಆದರೆ 2016ರಿಂದ ವಿಮಾ ಕಂಪನಿಗಳು ಇದಕ್ಕೆ ರಿಯಾಯಿತಿ ಕೊಡಲೇಬೇಕು. ಟೈರು ಹಾಕಿಸಿದ ರಸೀದಿ ಇಟ್ಟುಕೊಂಡು ವಿಮಾ ಕಂಪನಿಯನ್ನು ಕೇಳಿ.

ಬಲ ಹೋಗುವುದು ಹಿಂದಿನ ಚಕ್ರಗಳಿಗಲ್ಲವೇ, ಎರಡು ಟೈರು ಸಾಲದೇ ಎಂದು ಅನೇಕರು ಕೇಳುತ್ತಾರೆ. ಸಾಲದು. ಹಿಂದೆ ಮಾತ್ರ ಹಾಕಿದರೆ ಕಾರು ಚೆನ್ನಾಗಿ ಹೊರಡುತ್ತದೆ, ಆ ಧೈರ್ಯದಲ್ಲಿ ವೇಗವೂ ಏರುತ್ತದೆ, ಆದರೆ ತಿರುಗಿಸುವ ಮತ್ತು ಬ್ರೇಕಿನ ಹೆಚ್ಚಿನ ಪಾಲು ಹೊರುವ ಮುಂದಿನ ಟೈರುಗಳಿಗೆ ಹಿಡಿತವಿರುವುದಿಲ್ಲ. ಮುಂದೆ ಮಾತ್ರ ಹಾಕಿದರೆ ಇನ್ನೂ ಕೆಟ್ಟದು: ಮೂತಿ ತಿರುಗುತ್ತದೆ, ಹಿಂಭಾಗ ತಿರುಗದೆ ಜಾರಿ ಕಾರು ಗಿರಕಿ ಹೊಡೆಯುತ್ತದೆ.

ಈ ವರ್ಗದ ಅನೇಕ ಕಾರುಗಳು ಕಾರ್ಖಾನೆಯಿಂದಲೇ ಅಗಲವಾದ ಟೈರುಗಳೊಂದಿಗೆ, ಹಲವು ಸಲ ಮುಂದಿಗಿಂತ ಹಿಂದೆ ಹೆಚ್ಚು ಅಗಲದ ಟೈರುಗಳೊಂದಿಗೆ ಬರುತ್ತವೆ. ಅಗಲ ಟೈರು ಹಿಮದ ಮೇಲೆ ತೇಲಲು ನೋಡುತ್ತದೆ, ಕಿರಿದಾದದ್ದು ಸೀಳಿಕೊಂಡು ಕೆಳಗಿನ ನೆಲ ಮುಟ್ಟುತ್ತದೆ. ಆದ್ದರಿಂದ ಚಳಿಗಾಲಕ್ಕೆಂದು ಪ್ರತ್ಯೇಕವಾಗಿ ಒಂದೆರಡು ಇಂಚು ಚಿಕ್ಕದಾದ ರಿಮ್‌ಗಳನ್ನು, ನಾಲ್ಕಕ್ಕೂ ಒಂದೇ ಅಳತೆಯ ಕಿರಿದಾದ ಟೈರುಗಳನ್ನು ಕೊಳ್ಳುವುದು ಜಾಣತನ. ಒಟ್ಟು ವ್ಯಾಸ ಮೂಲದಷ್ಟೇ ಇರಬೇಕು, ರಿಮ್ಮಿನ ಒಳಗೆ ಬ್ರೇಕಿನ ಭಾಗಗಳು ತಾಗಬಾರದು; ಕಾರಿನ ಕೈಪಿಡಿಯಲ್ಲಿ ಅನುಮತಿಸಿದ ಅಳತೆಗಳ ಪಟ್ಟಿ ಇರುತ್ತದೆ, ಅದನ್ನು ಮೀರಬೇಡಿ. ಅನೇಕ ದೇಶಗಳ ಕಾನೂನು ಟೈರಿನ ಗೀರುಗಳು 1.6 ಮಿ.ಮೀ. ಆಳಕ್ಕಿಳಿಯುವವರೆಗೆ ಒಪ್ಪಿದರೂ ಹಿಮದಲ್ಲಿ 4 ಮಿ.ಮೀ.ಗಿಂತ ಕಡಿಮೆ ಆಳ ಉಳಿದ ಟೈರು ಕೆಲಸಕ್ಕೆ ಬಾರದು. ತಾಪಮಾನ ಪ್ರತಿ 5ರಿಂದ 6 ಡಿಗ್ರಿ ಇಳಿದಾಗ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ, ಹೀಗಾಗಿ ಅಕ್ಟೋಬರಿನಲ್ಲಿ ತುಂಬಿಸಿದ ಗಾಳಿ ಜನವರಿಗೆ ಸಾಲುವುದಿಲ್ಲ. ಕಾರು ಓಡುವ ಮುನ್ನ, ಟೈರು ತಣ್ಣಗಿರುವಾಗಲೇ ಅಳೆದು ಕೈಪಿಡಿಯಲ್ಲಿ ಹೇಳಿದಷ್ಟು ತುಂಬಿಸಿ. ಗಾಳಿ ಕಡಿಮೆ ಮಾಡಿದರೆ ಹಿಡಿತ ಹೆಚ್ಚುತ್ತದೆ ಎಂಬ ಮಾತನ್ನು ರಸ್ತೆಯ ಚಾಲನೆಗೆ ಅನ್ವಯಿಸಬೇಡಿ.

ಹಂತ 2: ಡಿಕ್ಕಿಯಲ್ಲಿ ತೂಕ ಮತ್ತು ಸಾಮಾನು

ಡಿಕ್ಕಿಯಲ್ಲಿ ಮರಳಿನ ಚೀಲ ಇಡುವ ಪದ್ಧತಿ ಉತ್ತರ ಅಮೆರಿಕದಲ್ಲಿ ಹಳೆಯದು. ಚಳಿಗಾಲ ಬಂತೆಂದರೆ ಹಾರ್ಡ್‌ವೇರ್ ಅಂಗಡಿಗಳ ಬಾಗಿಲಲ್ಲೇ ಸುಮಾರು 27 ಕಿಲೋ ತೂಗುವ ಉದ್ದನೆಯ ಮರಳಿನ ಚೀಲಗಳು ಪೇರಿಸಿರುತ್ತವೆ. ಖಾಲಿ ಪಿಕಪ್ ಟ್ರಕ್ಕಿಗೆ ಇದು ನಿಜಕ್ಕೂ ಬೇಕು. ಆದರೆ ಮುಂದೆ ಹಿಂದೆ ಹೆಚ್ಚುಕಡಿಮೆ ಸಮಭಾರವಿರುವ ಇಂದಿನ ಸೆಡಾನ್‌ಗೆ ಇದರಿಂದಾಗುವ ಲಾಭ ಸಣ್ಣದು, ಒಳ್ಳೆಯ ಟೈರಿಗೆ ಇದು ಎಂದೂ ಬದಲಿಯಲ್ಲ. ಇಡುವುದಾದರೆ ಎರಡು ಚೀಲ ಸಾಕು. ಅವನ್ನು ಹಿಂದಿನ ಆಕ್ಸಲ್ಲಿನ ನೇರ ಮೇಲೆ, ಅಂದರೆ ಡಿಕ್ಕಿಯ ಒಳಬದಿಗೆ ಹಿಂದಿನ ಸೀಟಿಗೆ ಒತ್ತಿಕೊಂಡಂತೆ ಇಟ್ಟು, ಜರುಗದಂತೆ ಬಿಗಿಯಾಗಿ ಕಟ್ಟಿ. ಡಿಕ್ಕಿಯ ತುದಿಯಲ್ಲಿಟ್ಟ ಭಾರ ಮುಂದಿನ ಚಕ್ರಗಳನ್ನು ಹಗುರಾಗಿಸುತ್ತದೆ ಮತ್ತು ಹಿಂಭಾಗ ಒಮ್ಮೆ ತೂಗಲು ತೊಡಗಿದರೆ ಅದನ್ನು ಇನ್ನಷ್ಟು ಎಳೆಯುತ್ತದೆ. ಕಟ್ಟದೆ ಬಿಟ್ಟ ಚೀಲ ಅಪಘಾತದಲ್ಲಿ ಗುಂಡಿನಂತೆ ಮುಂದಕ್ಕೆ ಬರುತ್ತದೆ.

ಪೆಟ್ರೋಲ್ ಟ್ಯಾಂಕನ್ನು ಅರ್ಧಕ್ಕಿಂತ ಕೆಳಗಿಳಿಯಲು ಬಿಡಬೇಡಿ. 60 ಲೀಟರ್ ಪೆಟ್ರೋಲ್ ಸುಮಾರು 44 ಕಿಲೋ ತೂಗುತ್ತದೆ, ಹೆಚ್ಚಿನ ಕಾರುಗಳಲ್ಲಿ ಅದು ಹಿಂದಿನ ಚಕ್ರಗಳ ಬಳಿಯೇ ಇರುತ್ತದೆ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾಗಿ ಬಂದರೆ ಹೀಟರ್ ನಡೆಯುವುದೂ ಅದರಿಂದಲೇ. ಇದರೊಂದಿಗೆ ಮಡಚುವ ಸಣ್ಣ ಸಲಿಕೆ, ಹಿಮ ಕೆರೆಯುವ ಬ್ರಷ್, ಪುಟ್ಟ ಡಬ್ಬಿಯಲ್ಲಿ ಒಣ ಮರಳು, ಬ್ಯಾಟರಿ ಜಂಪರ್ ಕೇಬಲ್, ಟಾರ್ಚ್, ಕಂಬಳಿ, ಹೆಚ್ಚುವರಿ ಕೈಗವಸು, ಕುಡಿಯುವ ನೀರು, ಒಂದಿಷ್ಟು ತಿನಿಸು ಇರಲಿ. ವೈಪರಿನ ನೀರಿಗೆ ಮೈನಸ್ 40 ಡಿಗ್ರಿಯವರೆಗೆ ಹೆಪ್ಪುಗಟ್ಟದ ದ್ರವವನ್ನೇ ತುಂಬಿಸಿ. ಮೈನಸ್ 18 ಡಿಗ್ರಿಯಲ್ಲಿ ಸಾಮಾನ್ಯ ಕಾರ್ ಬ್ಯಾಟರಿಯ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುವುದರಿಂದ ನಾಲ್ಕೈದು ವರ್ಷ ಹಳೆಯದಾದ ಬ್ಯಾಟರಿಯನ್ನು ನವೆಂಬರಿಗೆ ಮುನ್ನವೇ ಪರೀಕ್ಷಿಸಿ.

ಹಂತ 3: ಕಾರಿನೊಳಗಿನ ಸಹಾಯಕ ವ್ಯವಸ್ಥೆಗಳು

ಕಾರು ಜಾರುತ್ತಿರುವುದನ್ನು ಗುರುತಿಸಿ ಒಂದೊಂದೇ ಚಕ್ರಕ್ಕೆ ತಾನಾಗಿ ಬ್ರೇಕ್ ಹಾಕುವ ಸ್ಟೆಬಿಲಿಟಿ ಕಂಟ್ರೋಲ್ ವ್ಯವಸ್ಥೆ ಅಮೆರಿಕ ಮತ್ತು ಕೆನಡಾದಲ್ಲಿ 2011ರ ಸೆಪ್ಟೆಂಬರಿನಿಂದ ತಯಾರಾದ ಕಾರುಗಳಲ್ಲಿ ಕಡ್ಡಾಯವಾಗಿದೆ. ಹಿಂಚಕ್ರ ಚಾಲನೆಯ ಹಳೆಯ ಕಾರೊಂದನ್ನು ಕೊಳ್ಳಲು ಹೊರಟವರು ಈ ವ್ಯವಸ್ಥೆಯಿಲ್ಲದ ಕಾರನ್ನು ಹಿಮದ ನಾಡಿನಲ್ಲಿ ಮೊದಲ ಕಾರಾಗಿ ಕೊಳ್ಳದಿರುವುದೇ ಒಳ್ಳೆಯದು. ಇದು, ಮತ್ತು ಚಕ್ರ ವ್ಯರ್ಥವಾಗಿ ಸುತ್ತುವುದನ್ನು ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್, ಎರಡೂ ಸದಾ ಚಾಲೂ ಇರಲಿ. ಹಿಮದಲ್ಲಿ ಹೂತು ನಿಂತ ಕಾರನ್ನು ಹೊರತೆಗೆಯುವಾಗ ಮಾತ್ರ ಟ್ರ್ಯಾಕ್ಷನ್ ಕಂಟ್ರೋಲನ್ನು ಆಫ್ ಮಾಡಬೇಕಾಗಬಹುದು; ಹೊರಬಂದ ಕೂಡಲೇ ಮತ್ತೆ ಆನ್ ಮಾಡಬೇಕು. ಈ ವ್ಯವಸ್ಥೆಗಳು ಇರುವ ಹಿಡಿತವನ್ನು ಹಂಚುತ್ತವೆ, ಇಲ್ಲದ ಹಿಡಿತವನ್ನು ಹುಟ್ಟಿಸುವುದಿಲ್ಲ.

ಹಿಮದ ಮೋಡ್ ಇದ್ದರೆ ಬಳಸಿ. ಅದು ಆಕ್ಸಿಲರೇಟರನ್ನು ಮೃದುಗೊಳಿಸುತ್ತದೆ, ಹಲವು ಕಾರುಗಳಲ್ಲಿ ಎರಡನೆಯ ಗೇರಿನಲ್ಲೇ ಹೊರಡಿಸುತ್ತದೆ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇರುವ ಕಾರಿನವರು ಒಂದು ವಿಷಯ ತಿಳಿದಿರಬೇಕು: ಅದು ಹಿಂದಿನ ಎರಡೂ ಚಕ್ರಗಳಿಗೆ ಬಲ ಕೊಟ್ಟು ಹೊರಡಲು ನೆರವಾಗುತ್ತದೆ, ಆದರೆ ಅತಿಯಾಗಿ ಒತ್ತಿದಾಗ ಎರಡೂ ಚಕ್ರ ಒಟ್ಟಿಗೆ ಸುತ್ತುವುದರಿಂದ ಹಿಂಭಾಗ ಪಕ್ಕಕ್ಕೆ ಸರಿಯುವುದೂ ಹೆಚ್ಚು. ವಿದ್ಯುತ್ ಕಾರುಗಳಲ್ಲಿ ಕಾಲು ತೆಗೆದ ಕೂಡಲೇ ಮೋಟಾರು ಕಾರನ್ನು ತಡೆದು ಬ್ಯಾಟರಿಗೆ ಶಕ್ತಿ ಮರಳಿಸುತ್ತದೆ. ಹಿಂದೆ ಮಾತ್ರ ಮೋಟಾರಿರುವ ಕಾರಿನಲ್ಲಿ ಆ ತಡೆಯೆಲ್ಲ ಹಿಂದಿನ ಚಕ್ರಗಳ ಮೇಲೆಯೇ ಬೀಳುವುದರಿಂದ, ಮಂಜುಗಡ್ಡೆಯ ತಿರುವಿನಲ್ಲಿ ಕಾಲನ್ನು ಥಟ್ಟನೆ ಎತ್ತುವುದು ಹ್ಯಾಂಡ್ ಬ್ರೇಕ್ ಎಳೆದುದಕ್ಕೆ ಹತ್ತಿರವಾದ ಪರಿಣಾಮ ಬೀರಬಹುದು. ತಡೆಯ ಪ್ರಮಾಣವನ್ನು ಕಡಿಮೆ ಮಾಡುವ ಆಯ್ಕೆ ನಿಮ್ಮ ಕಾರಿನಲ್ಲಿದ್ದರೆ ಹಿಮದ ದಿನ ಅದನ್ನು ಕನಿಷ್ಠಕ್ಕಿಡಿ. ವೇಗವನ್ನು ತಾನಾಗಿ ಒಂದೇ ಸಮ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲನ್ನು ಹಿಮದ ಮೇಲೆ ಬಳಸಲೇಬೇಡಿ.

ಹಂತ 4: ರಸ್ತೆಗಿಳಿಯುವ ಮುನ್ನ ಅಭ್ಯಾಸ

ನಿಮ್ಮ ಕಾರು ಎಲ್ಲಿ ಜಾರುತ್ತದೆ ಎಂಬುದನ್ನು ಬೇರೆ ವಾಹನಗಳ ನಡುವೆ ಮೊದಲ ಸಲ ತಿಳಿಯುವಂತಾಗಬಾರದು. ಚಳಿಗಾಲದ ಚಾಲನೆ ಕಲಿಸುವ ತರಬೇತಿ ಶಾಲೆಗಳು ಜಾರುವ ನೆಲದ ಮೇಲೆ ತರಬೇತುದಾರರ ಜೊತೆ ಅಭ್ಯಾಸ ಮಾಡಿಸುತ್ತವೆ, ಅದು ಅತ್ಯುತ್ತಮ. ಅದಾಗದಿದ್ದರೆ ಮಾಲೀಕರ ಒಪ್ಪಿಗೆ ಪಡೆದು, ದೀಪದ ಕಂಬ, ಕಲ್ಲಿನ ಅಂಚುಗಳಿಲ್ಲದ ಖಾಲಿ ಬಯಲಿನಲ್ಲಿ ಗಂಟೆಗೆ 15-20 ಕಿ.ಮೀ. ವೇಗ ಮೀರದೆ ಅಭ್ಯಾಸ ಮಾಡಿ. ಒಂಟಾರಿಯೊದಲ್ಲಿ 2021ರಿಂದ ಪಾರ್ಕಿಂಗ್ ಜಾಗಗಳಿಗೂ ಸ್ಟಂಟ್ ಚಾಲನೆಯ ಕಾನೂನು ಅನ್ವಯಿಸುತ್ತದೆ ಎಂಬುದನ್ನು ಮರೆಯಬೇಡಿ. ಅನುಮತಿಯಿಲ್ಲದೆ ಅಂಗಡಿಯ ಮುಂದೆ ಕಾರನ್ನು ಬೇಕೆಂದೇ ಜಾರಿಸುವುದು ದುಬಾರಿಯಾಗಬಹುದು.

ಅಭ್ಯಾಸದಲ್ಲಿ ಮೊದಲು ನೇರ ಸಾಗುತ್ತ ಬ್ರೇಕನ್ನು ಬಲವಾಗಿ ಒತ್ತಿ, ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಕೆಲಸ ಮಾಡುವಾಗ ಪೆಡಲ್ ಕಾಲಿನಡಿ ಹೇಗೆ ಗಡಗಡ ನಡುಗುತ್ತದೆ ಎಂಬುದನ್ನು ಅನುಭವಿಸಿ. ಆ ನಡುಕಕ್ಕೆ ಬೆದರಿ ಕಾಲು ತೆಗೆಯುವವರು ಬಹಳ. ಒತ್ತಿ ಹಿಡಿದು ಸ್ಟೀರಿಂಗ್ ತಿರುಗಿಸಿದರೆ ಕಾರು ನಿಧಾನವಾಗುತ್ತಲೇ ತಿರುಗುತ್ತದೆ ಎಂಬುದನ್ನು ಕೈಗೆ ಕಲಿಸಬೇಕು. ಎಬಿಎಸ್ ಇಲ್ಲದ ಹಳೆಯ ಕಾರಾದರೆ ಒತ್ತಿ, ಚಕ್ರ ನಿಂತಿತೆನಿಸಿದಾಗ ಸಡಿಲಿಸಿ, ಮತ್ತೆ ಒತ್ತಬೇಕು. ಆಮೇಲೆ ದೊಡ್ಡ ವೃತ್ತದಲ್ಲಿ ನಿಧಾನವಾಗಿ ಸುತ್ತುತ್ತ ಆಕ್ಸಿಲರೇಟರನ್ನು ಕೂದಲೆಳೆಯಷ್ಟು ಹೆಚ್ಚಿಸಿ, ಹಿಂಭಾಗ ಸರಿಯುವ ಮೊದಲ ಸೂಚನೆ ಸೀಟಿನ ಮೂಲಕ ಬೆನ್ನಿಗೆ ಹೇಗೆ ತಿಳಿಯುತ್ತದೆ ಎಂಬುದನ್ನು ಗಮನಿಸಿ.

ಹಂತ 5: ನಿಂತಲ್ಲಿಂದ ಹೊರಡುವುದು

ಕಾರಿನ ಮೇಲಿನ ಹಿಮವನ್ನೆಲ್ಲ, ಛಾವಣಿಯದೂ ಸೇರಿ, ತೆಗೆಯಿರಿ. ಬಿಟ್ಟರೆ ಬ್ರೇಕ್ ಹಾಕಿದಾಗ ಅದು ಜಾರಿ ಮುಂದಿನ ಗಾಜನ್ನು ಮುಚ್ಚುತ್ತದೆ, ಹೆದ್ದಾರಿಯಲ್ಲಿ ಹಿಂದಿನವರ ಮೇಲೆ ಹಾರುತ್ತದೆ. ಬೂಟಿನಡಿಗೆ ಅಂಟಿದ ಹಿಮವನ್ನು ಕೊಡವಿ ಕೂರಿ, ಏಕೆಂದರೆ ಒದ್ದೆ ಅಡಿ ಪೆಡಲಿನಿಂದ ಜಾರುತ್ತದೆ.

ಹಿಂದಿನ ಎರಡೂ ಚಕ್ರಗಳ ಮುಂದೆ ಮೊಳದುದ್ದ ದಾರಿ ಬಿಡಿಸಿ. ಮುಂದಿನ ಚಕ್ರಗಳನ್ನು ನೇರವಾಗಿಡಿ. ಓರೆಯಾಗಿದ್ದರೆ ಅವು ಹಿಮಕ್ಕೆ ಅಡ್ಡಗೋಡೆಯಂತೆ ನಿಂತು ಹಿಂದಿನವು ಇನ್ನಷ್ಟು ತಳ್ಳುವಂತೆ ಮಾಡುತ್ತವೆ. ಆಟೋಮ್ಯಾಟಿಕ್ ಕಾರಿನಲ್ಲಿ ಬ್ರೇಕಿನಿಂದ ಕಾಲನ್ನು ಮೆಲ್ಲನೆ ಎತ್ತಿ ಕಾರು ತಾನಾಗಿ ತೆವಳಲು ಬಿಡಿ, ಆಕ್ಸಿಲರೇಟರ್ ಆಮೇಲೆ. ಮ್ಯಾನುವಲ್ ಕಾರಿನಲ್ಲಿ ಎರಡನೆಯ ಗೇರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಡುತ್ತ ಹೊರಡಿ. ಚಕ್ರ ಸುತ್ತಲು ತೊಡಗಿದರೆ ಕಾಲು ಸಡಿಲಿಸಿ. ಇನ್ನೂ ಒತ್ತಿದರೆ ಟೈರಿನ ಶಾಖಕ್ಕೆ ಹಿಮ ಕರಗಿ, ಮರುಕ್ಷಣ ಗಾಜಿನಂತಹ ಮಂಜುಗಡ್ಡೆಯಾಗುತ್ತದೆ.

ಹಂತ 6: ವೇಗ, ಬ್ರೇಕ್, ತಿರುವು

ನನ್ನ ಮೊದಲ ಚಳಿಗಾಲದ ಒಂದು ಸಂಜೆ, ಹೆದ್ದಾರಿಯಿಂದ ಇಳಿಯುವ ಸುತ್ತುದಾರಿಯಲ್ಲಿ ವೇಗ ಸ್ವಲ್ಪ ಹೆಚ್ಚಾಯಿತೆನಿಸಿ ನಾನು ಆಕ್ಸಿಲರೇಟರಿನಿಂದ ಕಾಲನ್ನು ಪೂರ್ತಿ ತೆಗೆದುಬಿಟ್ಟೆ. ಕಾರಿನ ಭಾರ ಮುಂದಕ್ಕೆ ಸರಿದು ಹಿಂದಿನ ಚಕ್ರಗಳು ಹಗುರಾದವು, ಎಂಜಿನ್ನಿನ ತಡೆಯೂ ಅವುಗಳ ಮೇಲೆಯೇ ಬಿತ್ತು, ಕಾರು ಬಂದ ದಾರಿಗೇ ಮುಖ ಮಾಡಿ ನಿಂತಿತು. ಹಿಂದೆ ಯಾವ ವಾಹನವೂ ಇರಲಿಲ್ಲವಾದ್ದರಿಂದ ಉಳಿದುಕೊಂಡೆ. ಆಗ ನನ್ನ ಕಾರಿನಲ್ಲಿದ್ದದ್ದು ಎಲ್ಲ ಋತುಗಳ ಟೈರು. ಮಾರನೆಯ ವಾರವೇ ಚಳಿಗಾಲದ ಟೈರು ಹಾಕಿಸಿದೆನಾದರೂ, ತಪ್ಪು ಟೈರಿನದಷ್ಟೇ ಅಲ್ಲ, ತಿರುವಿನೊಳಗೆ ಹೋದ ಮೇಲೆ ವೇಗ ಇಳಿಸಲು ನೋಡಿದ ನನ್ನದೂ ಹೌದು ಎಂಬುದನ್ನು ಅಂದೇ ತಿಳಿದೆ.

ಆದ್ದರಿಂದ ತಿರುವನ್ನು ಮೂರು ಭಾಗ ಮಾಡಿಕೊಳ್ಳಿ. ರಸ್ತೆ ಇನ್ನೂ ನೇರವಾಗಿರುವಾಗಲೇ ಬ್ರೇಕನ್ನು ಮೆಲ್ಲನೆ ಒತ್ತಿ ಬೇಕಾದಷ್ಟು ವೇಗ ಇಳಿಸಿ, ಬ್ರೇಕಿನಿಂದ ಕಾಲು ತೆಗೆಯಿರಿ. ತಿರುವಿನೊಳಗೆ ವೇಗ ಏರಿಸದೆ ಇಳಿಸದೆ, ಆಕ್ಸಿಲರೇಟರಿನ ಮೇಲೆ ಕಾಲನ್ನು ಹಗುರವಾಗಿ ಒಂದೇ ಸಮ ಇಟ್ಟು ಉರುಳಿಕೊಂಡು ಹೋಗಿ. ಸ್ಟೀರಿಂಗ್ ಪೂರ್ತಿ ನೇರವಾದ ಮೇಲೆ ಮಾತ್ರ ವೇಗ ಹೆಚ್ಚಿಸಿ. ನಾಲ್ಕು ರಸ್ತೆ ಸೇರುವಲ್ಲಿ ಎಡಕ್ಕೆ ತಿರುಗಲು ಹಸಿರು ದೀಪಕ್ಕಾಗಿ ಕಾದು, ಅವಸರದಲ್ಲಿ ಓರೆ ಚಕ್ರಗಳೊಂದಿಗೆ ಆಕ್ಸಿಲರೇಟರ್ ಒತ್ತುವುದು ಈ ಕಾರಿನವರು ಅತಿ ಹೆಚ್ಚು ಮಾಡುವ ತಪ್ಪು. ಸಾವಿರಾರು ಟೈರುಗಳು ನಿಂತು ಹೊರಟು ಹೊಳಪುಗೊಳಿಸಿದ ಆ ಜಾಗವೇ ರಸ್ತೆಯಲ್ಲೆಲ್ಲ ಹೆಚ್ಚು ಜಾರುವಂಥದ್ದು.

ಮುಂದಿನ ವಾಹನಕ್ಕೂ ನಿಮಗೂ ಕನಿಷ್ಠ 8ರಿಂದ 10 ಸೆಕೆಂಡಿನ ಅಂತರವಿರಲಿ. ಸೇತುವೆಯ ಕೆಳಗೆ ನೆಲದ ಶಾಖವಿಲ್ಲದ ಕಾರಣ ಅದು ರಸ್ತೆಗಿಂತ ಮೊದಲೇ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಹೋಗುವಾಗ ಸ್ಟೀರಿಂಗ್, ಬ್ರೇಕ್, ಆಕ್ಸಿಲರೇಟರ್ ಯಾವುದನ್ನೂ ಬದಲಿಸದೆ ದಾಟಿ. ಮೈನಸ್ 20 ಡಿಗ್ರಿಗಿಂತ ಶೂನ್ಯದ ಆಸುಪಾಸಿನ ದಿನ ಹೆಚ್ಚು ಅಪಾಯಕಾರಿ ಎಂಬುದನ್ನು ಹೊಸಬರು ನಂಬುವುದಿಲ್ಲ, ಆದರೆ ಮಂಜುಗಡ್ಡೆಯ ಮೇಲೆ ತೆಳುವಾದ ನೀರಿನ ಪದರ ಇರುವಾಗಲೇ ಅದು ಅತಿ ಹೆಚ್ಚು ಜಾರುವುದು.

ಹೆದ್ದಾರಿಯಲ್ಲಿ ಎರಡು ಸಾಲುಗಳ ನಡುವೆ ಕೆಸರಿನಂತಹ ಹಿಮದ ದಿಬ್ಬ ನಿಂತಿರುತ್ತದೆ. ಸಾಲು ಬದಲಿಸಲೇಬೇಕಾದರೆ ಮೊದಲು ವೇಗ ಇಳಿಸಿ, ಆಕ್ಸಿಲರೇಟರನ್ನು ಸಮವಾಗಿಟ್ಟು, ಸಣ್ಣ ಕೋನದಲ್ಲಿ ದಾಟಿ. ಮುಂದಿನ ಚಕ್ರ ದಾಟಿತೆಂದು ವೇಗ ಹೆಚ್ಚಿಸಬೇಡಿ, ಹಿಂದಿನ ಚಕ್ರ ಇನ್ನೂ ದಿಬ್ಬದ ಮೇಲಿರುತ್ತದೆ. ನೀಲಿ ದೀಪ ಮಿನುಗಿಸುತ್ತ ಹಿಮ ತೆಗೆಯುವ ಟ್ರಕ್ಕುಗಳನ್ನು ಹಿಂದಿಕ್ಕದೆ ಅವುಗಳ ಹಿಂದೆ ದೂರದಲ್ಲಿ ಸಾಗುವುದೇ ಕ್ಷೇಮ. ಮಳೆ ಬೀಳುತ್ತಲೇ ಹೆಪ್ಪುಗಟ್ಟುವ ದಿನ ಮಾತ್ರ ಯಾವ ಕಾರನ್ನೂ ಹೊರತೆಗೆಯಬೇಡಿ; ಅಂದು ಯಾವ ಟೈರೂ ಕಾಪಾಡುವುದಿಲ್ಲ.

ಹಂತ 7: ಏರು, ಇಳಿಜಾರು, ಮತ್ತು ಚೈನು

ಏರಿನಲ್ಲಿ ಭಾರ ಹಿಂದಕ್ಕೆ ಸರಿಯುವುದು ನಿಮ್ಮ ಕಾರಿಗೆ ಅನುಕೂಲವೇ. ಆದರೂ ಏರು ಶುರುವಾಗುವ ಮುನ್ನವೇ ಸಾಕಷ್ಟು ವೇಗ ಗಳಿಸಿ, ಮಧ್ಯದಲ್ಲಿ ನಿಲ್ಲದಂತೆ ಹೋಗಬೇಕು. ಮುಂದಿನ ವಾಹನ ನೆತ್ತಿ ಮುಟ್ಟುವವರೆಗೆ ಕೆಳಗೇ ಕಾಯಿರಿ. ಅರ್ಧದಲ್ಲಿ ಚಕ್ರ ಸುತ್ತಲು ತೊಡಗಿದರೆ ಹಠ ಹಿಡಿಯದೆ ನಿಂತು, ಹಿಂದೆ ದಾರಿ ಖಾಲಿಯಿರುವುದನ್ನು ನೋಡಿಕೊಂಡು ನೇರವಾಗಿ ಹಿಂದಕ್ಕಿಳಿದು ಮತ್ತೆ ಪ್ರಯತ್ನಿಸಿ. ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಬರುವುದನ್ನು ಇಳಿಯುವ ಮುನ್ನವೇ, ಸಮತಟ್ಟಿನಲ್ಲಿಯೇ ಮುಗಿಸಿ.

ಟೈರಿಗೆ ಕಟ್ಟುವ ಚೈನಿನ ಮಾತು ಒಂಟಾರಿಯೊದ ನಗರವಾಸಿಗಳಿಗಿಂತ ಚಳಿಗಾಲದಲ್ಲಿ ಮನಾಲಿಗೆ ಹೋಗುವ ಕರ್ನಾಟಕದ ಕುಟುಂಬಗಳಿಗೆ ಹೆಚ್ಚು ಬೇಕಾದದ್ದು. ಇನೋವಾ ಕ್ರಿಸ್ಟಾ, ಬೊಲೆರೊ, ಫೋರ್ ಬೈ ಫೋರ್ ಅಲ್ಲದ ಸ್ಕಾರ್ಪಿಯೊ ಎಲ್ಲವೂ ಹಿಂಚಕ್ರ ಚಾಲನೆಯವೇ. 2020ರ ಅಕ್ಟೋಬರಿನಲ್ಲಿ ತೆರೆದ 9.02 ಕಿ.ಮೀ. ಉದ್ದದ ಅಟಲ್ ಸುರಂಗದ ಆಚೀಚೆ ಹಿಮ ಬಿದ್ದಾಗ ಪೊಲೀಸರು ಹಲವು ಸಲ ಫೋರ್ ಬೈ ಫೋರ್ ಅಥವಾ ಚೈನು ಕಟ್ಟಿದ ವಾಹನಗಳನ್ನು ಮಾತ್ರ ಬಿಡುತ್ತಾರೆ. ಒಂದೇ ಜೊತೆ ಚೈನಿದ್ದರೆ ಈ ವಾಹನಗಳಲ್ಲಿ ಅದನ್ನು ಕಟ್ಟಬೇಕಾದದ್ದು ಹಿಂದಿನ ಚಕ್ರಗಳಿಗೆ. ಮುಂಚಕ್ರ ಚಾಲನೆಯ ಕಾರಿನವರನ್ನು ನೋಡಿ ಮುಂದಕ್ಕೆ ಕಟ್ಟಿದರೆ ವಾಹನ ಮೇಲೇರುವುದೂ ಇಲ್ಲ, ಇಳಿಯುವಾಗ ಹಿಂಭಾಗ ತಿರುಗಿಬಿಡುತ್ತದೆ. ಚೈನು ಕಟ್ಟಿ ಸ್ವಲ್ಪ ದೂರ ಹೋಗಿ, ನಿಂತು, ಮತ್ತೊಮ್ಮೆ ಬಿಗಿ ಮಾಡಿ. ತಯಾರಕರು ಹೇಳಿದ ವೇಗವನ್ನು, ಸಾಮಾನ್ಯವಾಗಿ ಗಂಟೆಗೆ 50 ಕಿ.ಮೀ. ಅಥವಾ ಅದಕ್ಕಿಂತ ಕಡಿಮೆ, ಮೀರಬೇಡಿ. ಹಿಂದೆ ಚೈನಿದ್ದರೂ ತಿರುಗಿಸುವ ಮುಂದಿನ ಚಕ್ರಗಳು ಬರಿಯವೇ ಆಗಿರುವುದರಿಂದ ಇಳಿಜಾರಿನ ತಿರುವುಗಳಲ್ಲಿ ಕಾಲ್ನಡಿಗೆಯ ವೇಗವೇ ಸರಿ.

ಹಂತ 8: ಹಿಂಭಾಗ ಜಾರಿಯೇಬಿಟ್ಟರೆ

ಕಣ್ಣು ಮೊದಲು. ಎದುರಿನ ಕಂಬವನ್ನೋ ಚರಂಡಿಯನ್ನೋ ನೋಡದೆ, ಕಾರು ಎಲ್ಲಿಗೆ ಹೋಗಬೇಕೋ ಆ ಜಾಗವನ್ನೇ ನೋಡಿ. ಕೈ ಕಣ್ಣನ್ನು ಹಿಂಬಾಲಿಸುತ್ತದೆ. ಆಕ್ಸಿಲರೇಟರನ್ನು ಸಡಿಲಿಸಿ, ಆದರೆ ಒಮ್ಮೆಲೇ ಬಿಡಬೇಡಿ. ಮ್ಯಾನುವಲ್ ಕಾರಾದರೆ ಕ್ಲಚ್ ಒತ್ತಿಬಿಡುವುದು ಸುಲಭದ ದಾರಿ, ಏಕೆಂದರೆ ಆಗ ಹಿಂದಿನ ಚಕ್ರಗಳು ತಳ್ಳುವುದನ್ನೂ ತಡೆಯುವುದನ್ನೂ ಬಿಟ್ಟು ಸುಮ್ಮನೆ ಉರುಳತೊಡಗಿ ಹಿಡಿತವನ್ನು ಮರಳಿ ಪಡೆಯುತ್ತವೆ. ಬ್ರೇಕ್ ಮುಟ್ಟಬೇಡಿ.

ಇದೇ ಹೊತ್ತಿಗೆ ಹಿಂಭಾಗ ಯಾವ ಕಡೆಗೆ ಸರಿಯುತ್ತಿದೆಯೋ ಸ್ಟೀರಿಂಗನ್ನು ಆ ಕಡೆಗೇ ತಿರುಗಿಸಿ: ಹಿಂಭಾಗ ಬಲಕ್ಕೆ ಸರಿದರೆ ಬಲಕ್ಕೆ, ಎಡಕ್ಕೆ ಸರಿದರೆ ಎಡಕ್ಕೆ. ಇಷ್ಟನ್ನು ಎಲ್ಲರೂ ಹೇಳುತ್ತಾರೆ, ಆದರೆ ಹೆಚ್ಚಿನ ಅಪಘಾತ ಆಗುವುದು ಇದರ ನಂತರದ ಅರೆಕ್ಷಣದಲ್ಲಿ. ಹಿಂದಿನ ಟೈರುಗಳು ಹಿಡಿತ ಪಡೆದ ಕೂಡಲೇ ಹಿಂಭಾಗ ರಭಸದಿಂದ ಹಿಂದಿರುಗುತ್ತದೆ. ಆಗ ಸ್ಟೀರಿಂಗ್ ಇನ್ನೂ ತಿರುಗಿಯೇ ಇದ್ದರೆ ಕಾರು ಎದುರು ದಿಕ್ಕಿಗೆ ಮೊದಲಿಗಿಂತ ಜೋರಾಗಿ ತೂಗುತ್ತದೆ. ಹಾಗಾಗಿ ಹಿಂಭಾಗ ಹಿಂದಿರುಗಲು ತೊಡಗುತ್ತಿದ್ದಂತೆಯೇ, ಪೂರ್ತಿ ನೇರವಾಗುವುದನ್ನು ಕಾಯದೆ, ಸ್ಟೀರಿಂಗನ್ನು ನೇರಕ್ಕೆ ತನ್ನಿ. ಎರಡನೆಯ ತೂಗಾಟ ಬಂದರೂ ಇದನ್ನೇ ಇನ್ನೂ ಸಣ್ಣ ಪ್ರಮಾಣದಲ್ಲಿ ಮಾಡಿ. ಕಾರು ಅರ್ಧಕ್ಕಿಂತ ಹೆಚ್ಚು ತಿರುಗಿ ಕೈಮೀರಿತೆಂದು ಖಚಿತವಾದರೆ ಆಗ ಬ್ರೇಕನ್ನು, ಮ್ಯಾನುವಲ್ ಆದರೆ ಕ್ಲಚ್ಚನ್ನೂ, ಪೂರ್ತಿ ಒತ್ತಿ ಹಿಡಿದು ವೇಗ ಕಳೆಯಿರಿ.

ಕೆಲವೊಮ್ಮೆ ಈ ಕಾರಿನಲ್ಲೂ ಮುಂಭಾಗ ಜಾರಿ, ಸ್ಟೀರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತದೆ. ಆಗ ಇನ್ನೂ ಹೆಚ್ಚು ತಿರುಗಿಸಬೇಡಿ. ಆಕ್ಸಿಲರೇಟರನ್ನು ಮೆಲ್ಲನೆ ಸಡಿಲಿಸಿ, ಸ್ಟೀರಿಂಗನ್ನು ತುಸು ಹಿಂದಕ್ಕೆ ತಂದು, ಟೈರು ಕಚ್ಚಿಕೊಂಡಿತೆಂಬ ಭಾರ ಕೈಗೆ ತಿಳಿದ ಮೇಲೆ ಮತ್ತೆ ತಿರುಗಿಸಿ.

ಹಂತ 9: ಹೂತು ನಿಂತಾಗ

ಎಂಜಿನ್ ಚಾಲೂ ಇಟ್ಟು ಕೂರುವ ಮುನ್ನ ಸೈಲೆನ್ಸರಿನ ಕೊಳವೆಯ ಸುತ್ತಲಿನ ಹಿಮ ತೆಗೆಯಿರಿ. ಕೊಳವೆ ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಕಾರಿನೊಳಗೆ ಸೇರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಅದು ಕೊಲ್ಲುತ್ತದೆ. ಹಿಮ ಸುರಿಯುತ್ತಲೇ ಇದ್ದರೆ ಮತ್ತೆ ಮತ್ತೆ ಇಳಿದು ನೋಡಿ, ಎಂಜಿನ್ನನ್ನು ಗಂಟೆಗೆ ಹತ್ತು ನಿಮಿಷದಷ್ಟೇ ಓಡಿಸಿ, ಗಾಳಿಯಿಲ್ಲದ ಬದಿಯ ಕಿಟಕಿಯನ್ನು ಬೆರಳಗಲ ತೆರೆದಿಡಿ.

ಹೊರತೆಗೆಯಲು ಮೊದಲು ಹಿಂದಿನ ಚಕ್ರಗಳ ಮುಂದೆ ಹಿಂದೆ, ಆಮೇಲೆ ಕಾರಿನ ಹೊಟ್ಟೆಯಡಿ ಹಿಮ ತೋಡಿ. ಹೊಟ್ಟೆ ಹಿಮದ ಮೇಲೆ ಕೂತಿದ್ದರೆ ಚಕ್ರಗಳ ಮೇಲೆ ಭಾರವೇ ಬೀಳುವುದಿಲ್ಲ. ಚಕ್ರದ ದಾರಿಗೆ ಮರಳು ಚೆಲ್ಲಿ. ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿ, ತುಸು ಮುಂದೆ, ಅದು ನಿಂತ ಕ್ಷಣ ತುಸು ಹಿಂದೆ, ಹೀಗೆ ತೊಟ್ಟಿಲು ತೂಗಿದಂತೆ ಸ್ವಲ್ಪ ಸ್ವಲ್ಪವೇ ದಾರಿ ಉದ್ದ ಮಾಡಿಕೊಳ್ಳಿ. ಪ್ರತಿ ಸಲವೂ ಕಾರು ಪೂರ್ತಿ ನಿಂತ ಮೇಲೆಯೇ ಆಟೋಮ್ಯಾಟಿಕ್ ಗೇರ್ ಬದಲಿಸಿ, ಇಲ್ಲದಿದ್ದರೆ ಗೇರ್‌ಬಾಕ್ಸಿಗೆ ಹಾನಿ. ಮರಳಿಲ್ಲದಿದ್ದರೆ ಕಾಲಡಿಯ ಮ್ಯಾಟನ್ನು ಚಕ್ರದ ಮುಂದೆ ಹಾಸಬಹುದು. ಆಗ ಕಾರಿನ ಹಿಂದೆ ಯಾರೂ ನಿಲ್ಲಬಾರದು, ಮ್ಯಾಟು ಹಾರಿ ಬರುತ್ತದೆ. ನಾಲ್ಕೈದು ಪ್ರಯತ್ನದಲ್ಲಿ ಆಗದಿದ್ದರೆ ಎಳೆಯುವ ವಾಹನಕ್ಕೆ ಕರೆ ಮಾಡಿ.

ಹಂತ 10: ರಾತ್ರಿ ನಿಲ್ಲಿಸುವುದು

ಮರುದಿನ ಹೊರಡುವ ಸುಲಭ ಕಷ್ಟ ಹಿಂದಿನ ರಾತ್ರಿಯೇ ತೀರ್ಮಾನವಾಗುತ್ತದೆ. ನಿಮ್ಮ ಮನೆಯ ಮುಂದಿನ ದಾರಿ ರಸ್ತೆಯ ಕಡೆಗೆ ಇಳಿಜಾರಾಗಿದ್ದರೆ ಹಿಮ್ಮುಖವಾಗಿ ನಿಲ್ಲಿಸಿ, ಬೆಳಿಗ್ಗೆ ಮೂತಿ ಕೆಳಗಾಗಿ ಉರುಳಿಕೊಂಡು ಹೊರಬರಬಹುದು. ಹಿಂದಿನ ಚಕ್ರಗಳು ನಿಲ್ಲುವ ಜಾಗವನ್ನು ಬರಿ ಕಾಂಕ್ರೀಟು ಕಾಣುವಂತೆ ಕೆರೆದಿಡಿ; ಹಿಮ ತೆಗೆಯುವ ಟ್ರಕ್ಕು ರಾತ್ರಿ ಬಂದು ನಿಮ್ಮ ದಾರಿಯ ಬಾಯಿಗೆ ದೂಡಿಹೋಗುವ ಗಟ್ಟಿ ದಿಬ್ಬವನ್ನು ಹೊರಡುವ ಮುನ್ನ ಸಲಿಕೆಯಿಂದ ತೆಗೆಯಲೇಬೇಕು, ಹಿಂಚಕ್ರ ಚಾಲನೆಯ ಕಾರು ಅದನ್ನು ತಳ್ಳಿಕೊಂಡು ಹೋಗಲಾರದು. ಒದ್ದೆ ಹಿಮದಲ್ಲಿ ಓಡಿಸಿ ಬಂದ ಮೇಲೆ ರಾತ್ರಿ ತೀವ್ರ ಚಳಿಯಾಗುವುದಿದ್ದರೆ, ಸಮತಟ್ಟಾದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆಯದೆ ಆಟೋಮ್ಯಾಟಿಕ್ ಕಾರನ್ನು "ಪಿ"ಯಲ್ಲಿ, ಮ್ಯಾನುವಲ್ ಕಾರನ್ನು ಮೊದಲ ಗೇರಿನಲ್ಲಿ ಬಿಡಿ, ಚಕ್ರಕ್ಕೊಂದು ಅಡ್ಡಗಟ್ಟೆ ಕೊಡಿ. ಒದ್ದೆಯಾದ ಹ್ಯಾಂಡ್ ಬ್ರೇಕ್ ಹೆಪ್ಪುಗಟ್ಟಿದರೆ ಬೆಳಿಗ್ಗೆ ಹಿಂದಿನ ಚಕ್ರಗಳು ತಿರುಗುವುದೇ ಇಲ್ಲ.